ನೀನು, ನೀವು ಮತ್ತು ಮರ್ಯಾದೆಯ ಲೆಕ್ಕ

ಗಾಡಿ ನಿಲ್ಲಿಸುವ ಜಾಗಕ್ಕಾಗಿಯೋ, ಸಾಲಿನಲ್ಲಿ ಯಾರೋ ನಡುವೆ ನುಸುಳಿದ್ದಕ್ಕಾಗಿಯೋ ಇಬ್ಬರು ಅಪರಿಚಿತರ ನಡುವೆ ಮಾತಿಗೆ ಮಾತು ಬೆಳೆದಾಗ, ಒಂದು ಹಂತದಲ್ಲಿ ಜಗಳದ ವಿಷಯವೇ ಬದಲಾಗಿಬಿಡುತ್ತದೆ. 'ಯಾರಿಗೆ ಏಕವಚನದಲ್ಲಿ ಮಾತಾಡ್ತಿದ್ದೀಯಾ?' ಎಂದು ಒಬ್ಬರು ಕೇಳುತ್ತಾರೆ. ಅಲ್ಲಿಂದ ಮುಂದೆ ಗಾಡಿಯೂ ಸಾಲೂ ಮರೆತುಹೋಗಿ, ಯಾರು ಯಾರಿಗೆ ಮೊದಲು 'ನೀನು' ಎಂದರು ಎಂಬುದೇ ವ್ಯಾಜ್ಯವಾಗುತ್ತದೆ. ಆಕ್ಷೇಪದ ಆ ವಾಕ್ಯವೂ ಏಕವಚನದಲ್ಲೇ ಇದೆ ಎಂಬುದು ಆ ಹೊತ್ತಿನಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ವ್ಯಾಕರಣದ ಪಾಠದಲ್ಲಿ ಇರಬೇಕಾದ ಪದವೊಂದು ಹೀಗೆ ಬೀದಿಗೆ ಬಂದು, ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಅವಮಾನದ ಹೆಸರಾಗಿ ನೆಲೆ ನಿಂತಿದೆ. ಸಂಧಿಗೂ ಸಮಾಸಕ್ಕೂ ಈ ಭಾಗ್ಯ ಬಂದಿಲ್ಲ.

ಇದಕ್ಕೆ ಕಾರಣ ಕನ್ನಡದ ರಚನೆಯಲ್ಲೇ ಇದೆ. ಎದುರಿಗಿರುವವರು ಒಬ್ಬರೇ ಆದರೂ ಅವರಿಗೆ ಬಹುವಚನ ಹಚ್ಚುವುದು ನಮ್ಮಲ್ಲಿ ಗೌರವದ ಮುಖ್ಯ ಗುರುತು. ಈ ಗುರುತು ಸರ್ವನಾಮದಲ್ಲಿ ಮಾತ್ರ ಇದ್ದಿದ್ದರೆ ಅದನ್ನು ಬಿಟ್ಟು ಮಾತನಾಡಿ ಪಾರಾಗಬಹುದಿತ್ತು. ಆದರೆ ಅದು ಕ್ರಿಯಾಪದದ ಬಾಲದಲ್ಲೂ ಇದೆ: ಬಾ ಅಥವಾ ಬನ್ನಿ, ಬರುತ್ತೀಯ ಅಥವಾ ಬರುತ್ತೀರಿ, ಬಂದೆ ಅಥವಾ ಬಂದಿರಿ. ಹೀಗಾಗಿ ಕನ್ನಡದಲ್ಲಿ ಯಾರನ್ನಾದರೂ ಒಂದು ಸಣ್ಣ ಪ್ರಶ್ನೆ ಕೇಳಬೇಕಾದರೂ, ಅವರು ನಮಗಿಂತ ಹಿರಿಯರೋ ಕಿರಿಯರೋ, ಆಪ್ತರೋ ಅಪರಿಚಿತರೋ ಎಂಬುದನ್ನು ವಾಕ್ಯ ಮುಗಿಯುವುದರೊಳಗೆ ತೀರ್ಮಾನಿಸಿ, ಆ ತೀರ್ಮಾನವನ್ನು ಅವರ ಕಿವಿಗೇ ಹಾಕಬೇಕಾಗುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಮಾತನಾಡುವವರಿಗೆ ಈ ಕಷ್ಟ ಇಲ್ಲ. ಪ್ರಧಾನಿಗೂ ಮಗುವಿಗೂ ನಾಯಿಗೂ ಅಲ್ಲಿ ಒಂದೇ 'ಯೂ'.

ಪ್ರಥಮ ಪುರುಷದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾಗುತ್ತದೆ. ಅವನು, ಅವಳು ಎಂಬುದು ಒಂದು ಮೆಟ್ಟಿಲು; ಅವರು ಎಂಬುದು ಇನ್ನೊಂದು; ನಡುವೆ ಆತ, ಆಕೆ ಎಂಬ ಅರ್ಧ ಮೆಟ್ಟಿಲು. ಪತ್ರಿಕೆಗಳಿಗೆ ಈ ಅರ್ಧ ಮೆಟ್ಟಿಲು ತುಂಬ ಉಪಕಾರಿ. ಕ್ರಿಕೆಟಿಗ ಶತಕ 'ಬಾರಿಸಿದರು', ಸಚಿವರು ರಾಜೀನಾಮೆ 'ನೀಡಿದರು', ಆದರೆ ಕಳವು ಪ್ರಕರಣದ ಆರೋಪಿ 'ಪರಾರಿಯಾಗಿದ್ದ'. ನ್ಯಾಯಾಲಯ ಇನ್ನೂ ವಿಚಾರಣೆಯನ್ನೇ ಆರಂಭಿಸದ ಮನುಷ್ಯನಿಗೆ ಕ್ರಿಯಾಪದ ಆಗಲೇ ಶಿಕ್ಷೆ ವಿಧಿಸಿರುತ್ತದೆ. ಅದೇ ಪುಟದಲ್ಲಿ ಕೋಟಿಗಟ್ಟಲೆ ಹಣದ ಅವ್ಯವಹಾರದ ಆರೋಪ ಹೊತ್ತ ಜನಪ್ರತಿನಿಧಿ ಮಾತ್ರ ವಿಚಾರಣೆಗೆ 'ಹಾಜರಾದರು'. ಚರಿತ್ರೆಗೂ ಇಂಥದೇ ರೂಢಿ ಇದೆ. ಪಂಪ ಕಾವ್ಯ ಬರೆದ, ಕುವೆಂಪು ಬರೆದರು. ಪುಲಕೇಶಿ ಗೆದ್ದ, ಗಾಂಧೀಜಿ ಉಪವಾಸ ಕೂತರು. ಕಾಲದಲ್ಲಿ ದೂರವಾದವರಿಗೆ ಏಕವಚನ ಅವಮಾನವಾಗುವುದಿಲ್ಲ, ಏಕೆಂದರೆ ಅವರ ಮೇಲೆ ಅಧಿಕಾರ ಚಲಾಯಿಸುವ ಸ್ಥಿತಿಯಲ್ಲಿ ನಾವು ಯಾರೂ ಇಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯ ಬಗ್ಗೆ ಹೇಳಬೇಕು. ಕನ್ನಡಿಗರು ದಿನನಿತ್ಯದ ಮಾತಿನಲ್ಲಿ 'ದಯವಿಟ್ಟು' ಎನ್ನುವುದಿಲ್ಲ, 'ಧನ್ಯವಾದ' ಹೇಳುವುದಿಲ್ಲ, ಆದ್ದರಿಂದ ನಮ್ಮಲ್ಲಿ ಸೌಜನ್ಯ ಕಡಿಮೆ ಎಂದು ಹೊರಗಿನವರೂ ನಮ್ಮವರೇ ಕೆಲವರೂ ಹೇಳುವುದುಂಟು. ಈ ಎರಡು ಪದಗಳು ನಾಮಫಲಕ, ಆಹ್ವಾನಪತ್ರಿಕೆ ಮತ್ತು ವಂದನಾರ್ಪಣೆಗೆ ಸೇರಿದವು ಎಂಬುದು ನಿಜ. ಆದರೆ ಅವು ಮಾಡಬೇಕಾದ ಕೆಲಸವನ್ನು ಆಡುಮಾತಿನಲ್ಲಿ ಬೇರೆ ಸಣ್ಣಪುಟ್ಟ ಪದಗಳು ಮಾಡುತ್ತಿರುತ್ತವೆ. 'ಸ್ವಲ್ಪ ಸರೀರಿ' ಎನ್ನುವಾಗ ಆ 'ಸ್ವಲ್ಪ' ಎಷ್ಟು ಅಂಗುಲ ಸರಿಯಬೇಕು ಎಂಬುದನ್ನು ಹೇಳುವುದಿಲ್ಲ. ನಾನು ಕೇಳುತ್ತಿರುವುದು ದೊಡ್ಡದೇನಲ್ಲ, ಆದರೂ ಕೇಳುತ್ತಿದ್ದೇನೆ ಎಂಬ ಸಂಕೋಚವನ್ನು ಹೇಳುತ್ತದೆ. 'ಅದೊಂದು ಬರೆದುಕೊಡ್ತೀರಾ?' ಎಂಬ ಎರಡೇ ಪದದ ವಾಕ್ಯದಲ್ಲಿ ಸೌಜನ್ಯದ ಗಂಟುಗಳು ನಾಲ್ಕಿವೆ: ಕೆಲಸವನ್ನು ಚಿಕ್ಕದು ಮಾಡುವ 'ಒಂದು', ಅದು ನನಗಾಗಿ ಮಾಡುವ ಉಪಕಾರ ಎಂದು ಒಪ್ಪಿಕೊಳ್ಳುವ 'ಕೊಡು', ಗೌರವದ ಬಹುವಚನ, ಮತ್ತು ಇಲ್ಲವೆನ್ನಲು ಜಾಗ ಬಿಡುವ ಪ್ರಶ್ನೆಯ ರೂಪ. ಇಷ್ಟರ ಮೇಲೆ 'ದಯವಿಟ್ಟು' ಸೇರಿಸಿದರೆ ಎದುರಿಗಿನವರು ಇವರಿಗೇನಾಯಿತು ಎಂದು ಮುಖ ನೋಡುತ್ತಾರೆ. ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನು ಒಂದೇ ಅಕ್ಷರ ಹೊರುತ್ತದೆ. ಹೌದ್ರೀ, ಇಲ್ರೀ, ಯಾಕ್ರೀ, ಸಾಕ್ರೀ ಎಂದು ಯಾವ ಪದದ ಹೆಗಲಿಗೆ ಬೇಕಾದರೂ ಏರುವ ಆ 'ರೀ' ಎಷ್ಟು ಅಭ್ಯಾಸವಾಗಿರುತ್ತದೆಂದರೆ, ಅದಿಲ್ಲದ ಬೆಂಗಳೂರಿನ ಬರಿಯ 'ಹೂಂ' ಕೇಳಿದಾಗ ಧಾರವಾಡದ ಕಡೆಯವರಿಗೆ ಮುಖದ ಮೇಲೆ ಬಾಗಿಲು ಹಾಕಿದಂತಾಗುತ್ತದೆ.

ಹಾಗಾದರೆ 'ನೀನು' ಎಂಬುದು ಅಗೌರವವೇ? ಅಲ್ಲವೆಂಬುದು ಎಲ್ಲರಿಗೂ ಗೊತ್ತು, ಆದರೆ ಏಕೆ ಅಲ್ಲ ಎಂಬುದನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ದೇವರನ್ನು ನಾವು ನೀನು ಎನ್ನುತ್ತೇವೆ. ತಾಯಿಯನ್ನು ನೀನು ಎನ್ನುತ್ತೇವೆ. ಗೆಳೆಯನಿಗೆ ನೀನು ಎನ್ನುವುದಷ್ಟೇ ಅಲ್ಲ, 'ಲೋ', 'ಮಗಾ' ಎಂದೂ ಸೇರಿಸುತ್ತೇವೆ, ಅವನೂ ಹಾಗೇ ಎನ್ನುತ್ತಾನೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಯುರೋಪಿನ ಭಾಷೆಗಳ ನೀನು-ನೀವುಗಳನ್ನು ಕುರಿತು ಬರೆದ ಪ್ರಬಂಧ ಈ ಗೋಜಲನ್ನು ಬಿಡಿಸಲು ಇಂದಿಗೂ ನೆರವಾಗುತ್ತದೆ. ಅವರ ಪ್ರಕಾರ ಈ ಸರ್ವನಾಮಗಳನ್ನು ಎರಡು ಶಕ್ತಿಗಳು ಎಳೆದಾಡುತ್ತವೆ. ಒಂದು ಅಧಿಕಾರ: ಮೇಲಿನವನು ನೀನು ಎನ್ನುತ್ತಾನೆ, ಕೆಳಗಿನವನು ನೀವು ಎಂದು ಉತ್ತರಿಸುತ್ತಾನೆ. ಇನ್ನೊಂದು ಬಳಕೆಯ ಸಲುಗೆ: ಇಬ್ಬರೂ ಪರಸ್ಪರ ನೀನು ಎನ್ನುತ್ತಾರೆ, ಸಲುಗೆ ಇಲ್ಲದಿದ್ದರೆ ಇಬ್ಬರೂ ಪರಸ್ಪರ ನೀವು ಎನ್ನುತ್ತಾರೆ. ಅಂದರೆ ಒಂದು 'ನೀನು' ಪ್ರೀತಿಯದೋ ಅವಮಾನದ್ದೋ ಎಂಬುದು ಆ ಪದದಲ್ಲಿ ತಿಳಿಯುವುದಿಲ್ಲ. ಅದಕ್ಕೆ ಬರುವ ಉತ್ತರ ನೋಡಿದರೆ ತಿಳಿಯುತ್ತದೆ. ನೀನು ಹೋಗಿ ನೀನು ವಾಪಸು ಬಂದರೆ ಅದು ಸ್ನೇಹ. ನೀನು ಹೋಗಿ ನೀವು ವಾಪಸು ಬಂದರೆ, ಮತ್ತು ವಾಪಸು ಕಳಿಸಿದವರಿಗೆ ಬೇರೆ ದಾರಿಯೇ ಇಲ್ಲದಿದ್ದರೆ, ಅದು ಮೆಟ್ಟಿಲು.

ಈ ಅಳತೆಗೋಲನ್ನು ಮೊದಲು ಮನೆಯೊಳಗೇ ಇಟ್ಟು ನೋಡಬಹುದು. ಹಳೆಯ ತಲೆಮಾರಿನ ಅನೇಕ ಮನೆಗಳಲ್ಲಿ 'ಅಪ್ಪ ಬಂದರು', 'ಅಮ್ಮ ಬಂದಳು'. ಗಂಡ ಹೆಂಡತಿಯನ್ನು ನೀನು ಎಂದರೆ, ಹೆಂಡತಿ 'ರೀ' ಎಂದು ಕರೆದು, ಇತರರೊಡನೆ 'ನಮ್ಮನೆಯವರು' ಎಂದು ಹೇಳಿ, ಹೆಸರನ್ನೇ ಎತ್ತದೆ ಬದುಕು ಕಳೆದಳು. ಅಮ್ಮನಿಗೆ ಸಿಕ್ಕ ಏಕವಚನದಲ್ಲಿ ಪ್ರೀತಿಯ ಪಾಲೆಷ್ಟು, ಅವಳ ಸ್ಥಾನದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಮಕ್ಕಳಿಗೂ ಸುಲಭವಲ್ಲ. ಈಗಿನ ದಂಪತಿಗಳಲ್ಲಿ ಇಬ್ಬರೂ ನೀನು ಎಂದುಕೊಳ್ಳುವುದು ಹೆಚ್ಚುತ್ತಿರುವುದನ್ನು ಕೆಲವು ಹಿರಿಯರು ಮರ್ಯಾದೆ ಕೆಟ್ಟ ಲಕ್ಷಣವೆಂದು ನೊಂದುಕೊಳ್ಳುತ್ತಾರೆ. ಲೆಕ್ಕದ ಪ್ರಕಾರ ಅಲ್ಲಿ ಕೆಟ್ಟಿರುವುದು ಮೆಟ್ಟಿಲು ಮಾತ್ರ.

ಮನೆಯ ಹೊರಗಿನ ಮೆಟ್ಟಿಲು ಬೇರೆ ರೀತಿಯದು, ಅದಕ್ಕೆ ಜಾತಿಯ ಕಲ್ಲು ಹಾಸಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಜಮೀನಿನ ಯಜಮಾನನನ್ನು ಕೂಲಿಯವರು 'ಬುದ್ಧೀ', 'ಸ್ವಾಮೀ' ಎಂದು ಕರೆಯಬೇಕಿತ್ತು. ಯಜಮಾನನ ಹತ್ತು ವರ್ಷದ ಮಗ ಅರವತ್ತರ ಮುದುಕನನ್ನು 'ಬಾರೋ' ಎಂದು ಕೂಗಬಹುದಿತ್ತು. ವಯಸ್ಸಿಗೆ ಗೌರವ ಕೊಡುವುದು ನಮ್ಮ ಸಂಸ್ಕೃತಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವಾಗ ಈ ಒಂದು 'ಬಾರೋ'ವನ್ನು ಮರೆತಿರುತ್ತೇವೆ: ಜಾತಿ ಎದುರಾದಲ್ಲೆಲ್ಲ ವಯಸ್ಸು ಸೋತಿದೆ. ಗೌರವಕ್ಕೂ ಜಾತಿಯ ಹೆಸರೇ ವಾಹನವಾದದ್ದುಂಟು. ಗೌಡ್ರೆ, ಶೆಟ್ರೆ, ಭಟ್ರೆ, ಹೆಗಡೇರೆ ಎಂಬ ಸಂಬೋಧನೆಗಳು ಕಿವಿಗೆ ಹಿತವಾಗಿ ಕೇಳಿಸುತ್ತವೆ, ಆದರೆ ಹೆಸರಿಗೆ ಹೀಗೆ 'ರೆ' ಹಚ್ಚಿಸಿಕೊಳ್ಳುವ ಹಕ್ಕು ಎಲ್ಲ ಜಾತಿಗಳಿಗೂ ಸಿಗಲಿಲ್ಲ. ಕೆಲವು ಜಾತಿಗಳ ಹೆಸರು ಬೈಗುಳವಾಗಿಯೇ ಉಳಿಯಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆಯಲು 1989ರಲ್ಲಿ ಬಂದ ಕಾಯ್ದೆಯು, ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಅವಮಾನಿಸುವುದನ್ನು ಅಪರಾಧವೆಂದು ಸಾರಿತು. ಜಾತಿಯ ಹೆಸರೆತ್ತಿ ನಿಂದಿಸುವುದು ಅಪರಾಧವೆಂಬುದನ್ನು 2015ರ ತಿದ್ದುಪಡಿ ಬಿಡಿಸಿಯೇ ಬರೆಯಿತು. ಮಾತಿನ ಮರ್ಯಾದೆ ಬರಿಯ ಶಿಷ್ಟಾಚಾರದ ವಿಷಯವಾಗಿದ್ದರೆ ಅದಕ್ಕೆ ಕಾನೂನು ಬೇಕಾಗುತ್ತಿರಲಿಲ್ಲ.

ಈ ಮೆಟ್ಟಿಲನ್ನು ಪ್ರಶ್ನಿಸಿದ ದನಿಯೂ ಕನ್ನಡದಲ್ಲಿ ಹಳೆಯದೇ. ಬಂದವರನ್ನು ಏನು ಬಂದಿರಿ, ಹದುಳವಾಗಿದ್ದೀರಾ ಎಂದು ಕೇಳಿದರೆ ನಿಮ್ಮ ಮೈಸಿರಿ ಹಾರಿಹೋಗುತ್ತದೆಯೇ, ಕೂತುಕೊಳ್ಳಿ ಎಂದರೆ ನೆಲ ಕುಳಿಬೀಳುತ್ತದೆಯೇ ಎಂದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ವಚನವೊಂದು ಕೇಳುತ್ತದೆ. ಆ ವಚನದಲ್ಲಿ ಬಂದವರು ಯಾರು, ಯಾವ ಕುಲದವರು, ಯಾವ ಕೆಲಸಕ್ಕೆ ಬಂದವರು ಎಂಬ ವಿವರವೇ ಇಲ್ಲ. ಇರುವುದು 'ಬಂದಿರಿ' ಎಂಬ ಬಹುವಚನ ಮಾತ್ರ.

ಎಂಟು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಸರ್ಕಾರಿ ಕಚೇರಿಯೊಂದಕ್ಕೆ ಅರ್ಜಿ ಹಿಡಿದು ಹೋಗುವ ರೈತನ ಕಾಗದವನ್ನು ಓದಿ ನೋಡಬೇಕು. 'ಮಾನ್ಯರೇ, ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುವುದೇನೆಂದರೆ' ಎಂದು ಆರಂಭವಾಗಿ 'ತಮ್ಮ ವಿಧೇಯ' ಎಂದು ಮುಗಿಯುವ ಆ ಕಾಗದದಲ್ಲಿ ಇರುವುದು 'ನೀವು' ಕೂಡ ಅಲ್ಲ, ಅದಕ್ಕೂ ಒಂದು ಮೆಟ್ಟಿಲು ಮೇಲಿನ 'ತಾವು'. ಮೇಜಿನ ಆಚೆಯಿಂದ ಬರುವ ಉತ್ತರ ಅನೇಕ ಸಲ 'ನಾಳೆ ಬಾ' ಎಂದಿರುತ್ತದೆ. ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ, ನಡುನಡುವೆ ನಾಲ್ಕು ಇಂಗ್ಲಿಷ್ ಪದ ಇದ್ದವರು ಅದೇ ಅರ್ಜಿ ತಂದರೆ 'ನಾಳೆ ಬನ್ನಿ ಸಾರ್' ಆಗುತ್ತದೆ. ಕೆಲಸ ಇಬ್ಬರಿಗೂ ಆಗುವುದಿಲ್ಲ ಎಂಬುದು ಬೇರೆ ಮಾತು.

ನಗರದ ಬದುಕಿನ ತೊಡಕು ಇರುವುದು ಇಲ್ಲಿಯೇ. ಹಳ್ಳಿಯಲ್ಲಿ ಎದುರಾಗುವವರ ಮನೆತನ, ವಯಸ್ಸು, ನೆಂಟಸ್ತಿಕೆ ಎಲ್ಲವೂ ಮೊದಲೇ ಗೊತ್ತಿದ್ದವು. ಯಾರಿಗೆ ಯಾವ ವಚನ ಎಂಬುದು ಹುಟ್ಟಿನಿಂದಲೇ ಕಲಿತ ಪಾಠವಾಗಿತ್ತು. ನಗರದಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಅಪರಿಚಿತರೊಡನೆ ಮಾತು ಬರುತ್ತದೆ, ಪ್ರತಿಯೊಂದು ವಾಕ್ಯವೂ ಸ್ಥಾನ ನಿರ್ಧರಿಸು ಎಂದು ಕೇಳುತ್ತದೆ, ಕೈಯಲ್ಲಿರುವ ಮಾಹಿತಿ ಬಟ್ಟೆ ಮತ್ತು ಕೆಲಸ ಎರಡೇ. ಆದ್ದರಿಂದ ಲಿಫ್ಟಿನಲ್ಲಿ ಸಿಕ್ಕ ಇಪ್ಪತ್ತೈದರ ಬಾಡಿಗೆದಾರನಿಗೆ 'ನೀವು', ಬಾಗಿಲಿಗೆ ಊಟದ ಪೊಟ್ಟಣ ತಂದ ಇಪ್ಪತ್ತೈದರ ಹುಡುಗನಿಗೆ 'ಅಲ್ಲೇ ಇಟ್ಟು ಹೋಗು'. ಮನೆಗೆಲಸಕ್ಕೆ ಬರುವ ಐವತ್ತೈದರ ಮಹಿಳೆಯನ್ನು ಏಳು ವರ್ಷದ ಮಗು 'ನೀನು ನಾಳೆ ಬರಲ್ವಾ?' ಎಂದು ಕೇಳುವಾಗ ಅದರಲ್ಲಿ ಸಲುಗೆಯೂ ಇರಬಹುದು. ಆದರೆ ಆ ಮಹಿಳೆ ಮಗುವಿನ ತಾಯಿಯನ್ನು 'ನೀವು' ಎಂದೂ ಮಗುವಿನ ತಾಯಿ ಅವರನ್ನು 'ನೀನು' ಎಂದೂ ಕರೆಯುವ ಮನೆಯಲ್ಲಿ, ಮಗು ಕಲಿತದ್ದು ಸಲುಗೆಯೋ ಮೆಟ್ಟಿಲೋ ಎಂಬುದನ್ನು ಊಹಿಸುವುದು ಕಷ್ಟವಲ್ಲ. 'ಅಕ್ಕ', 'ಅಣ್ಣ' ಎಂದು ಕರೆಯುತ್ತೇವಲ್ಲ ಎಂಬ ಸಮಾಧಾನ ಉಂಟು. 'ಅಣ್ಣ, ಸ್ವಲ್ಪ ಗೇಟು ತೆಗೀತೀಯಾ?' ಎನ್ನುವಾಗ ಅಣ್ಣನೆಂಬ ಪದ ಕೊಟ್ಟದ್ದನ್ನು ಕ್ರಿಯಾಪದ ಕಸಿದುಕೊಂಡಿರುತ್ತದೆ.

ಬೆಂಗಳೂರಿನ ಬೀದಿಜಗಳಗಳಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ, ಅದು ಕೇವಲ ವ್ಯಾಕರಣದ್ದು. ಹಿಂದಿಯಲ್ಲಿ ತೂ, ತುಮ್, ಆಪ್ ಎಂಬ ಮೂರು ಮೆಟ್ಟಿಲುಗಳಿವೆ. ನಡುವಿನ 'ತುಮ್' ಸಮಾನರಿಗೂ ಕಿರಿಯರಿಗೂ ಸಲ್ಲುವ, ಅಷ್ಟೇನೂ ಚುಚ್ಚದ ಪದ. ಕನ್ನಡದ ದಿನಬಳಕೆಯಲ್ಲಿ ಆ ನಡು ಮೆಟ್ಟಿಲು ಇಲ್ಲ. ಉತ್ತರದಿಂದ ಬಂದವರು ತಮ್ಮ 'ತುಮ್' ಅನ್ನು ಕನ್ನಡಕ್ಕೆ ತರುವಾಗ ಅದು ನೇರವಾಗಿ 'ನೀನು'ವಿನ ಮೇಲೆ ಬಂದು ಬೀಳುತ್ತದೆ. ಭಾಷೆ ಕಲಿಯುವವರಿಗೆ ಬಾ, ಹೋಗು, ಕೊಡು ಎಂಬ ಚಿಕ್ಕ ಧಾತುಗಳೇ ಮೊದಲು ನಾಲಿಗೆಗೆ ಹತ್ತುವುದರಿಂದ, ಕಷ್ಟಪಟ್ಟು ಕಲಿತ ಮೂರು ಪದಗಳನ್ನು ಆಟೊ ಚಾಲಕರ ಮುಂದೆ ಪ್ರಯೋಗಿಸಿ ಬೈಸಿಕೊಂಡು ಬಂದವರು ಎಷ್ಟೋ ಮಂದಿ. ಕನ್ನಡ ಕಲಿಸುವವರು ಮೊದಲ ದಿನವೇ ಬನ್ನಿ, ಹೋಗಿ, ಕೊಡಿ, ಹೇಳಿ ಎಂಬ ಇಕಾರದ ರೂಪಗಳನ್ನು ಕಲಿಸಿ, 'ಬಾ' ಎಂಬುದನ್ನು ಸ್ನೇಹವಾದ ಮೇಲೆ ಕಲಿಯಲು ಬಿಡಬೇಕೆಂದು ನನಗನ್ನಿಸುತ್ತದೆ. ಇದಕ್ಕೆ ಪ್ರತಿಯಾಗಿ ನಮ್ಮ ಕಡೆಯಿಂದಲೂ ಒಂದು ರಿಯಾಯಿತಿ ಬೇಕು. ಮನೆಯಲ್ಲಿ ಹಿರಿಯರಿಗೂ ನೀನು ಎಂದೇ ಮಾತನಾಡಿ ಬೆಳೆದ ಗ್ರಾಮೀಣ ಕನ್ನಡಿಗರು ಅನೇಕರಿದ್ದಾರೆ. ಅವರ ನುಡಿಯಲ್ಲಿ ಏಕವಚನ ಯಾರನ್ನೂ ಕೆಳಗಿಳಿಸುವುದಿಲ್ಲ. ಪೇಟೆಯ ಅಳತೆಯಿಂದ ಅವರನ್ನು ಒರಟರೆನ್ನುವುದು ನಮ್ಮ ತಿಳಿವಳಿಕೆಯ ಕೊರತೆ.

ಈ ಮೆಟ್ಟಿಲನ್ನು ಬೇರೆ ಸಮಾಜಗಳು ಹೇಗೆ ಇಳಿದವು ಎಂದು ನೋಡಿದರೆ ಎರಡು ದಿಕ್ಕುಗಳು ಕಾಣುತ್ತವೆ. ಸ್ವೀಡನ್ನಿನಲ್ಲಿ ಹಿಂದೆ ಪರಿಚಯವಿಲ್ಲದವರನ್ನು ಅವರ ಹುದ್ದೆಯ ಹೆಸರಿನಿಂದ, ಪ್ರಥಮ ಪುರುಷದಲ್ಲೇ ಮಾತನಾಡಿಸುವ ತ್ರಾಸದ ಪದ್ಧತಿ ಇತ್ತು. 1967ರಲ್ಲಿ ಅಲ್ಲಿನ ವೈದ್ಯಕೀಯ ಆಡಳಿತದ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆದ್, ತಮ್ಮ ಸಿಬ್ಬಂದಿಯನ್ನೆಲ್ಲ 'ದೂ', ಅಂದರೆ ನೀನು, ಎಂದೇ ಕರೆಯುವುದಾಗಿ ಹೇಳಿದ್ದು ಆಗಲೇ ನಡೆಯುತ್ತಿದ್ದ ಬದಲಾವಣೆಯ ಸಂಕೇತವಾಯಿತು. ಕೆಲವೇ ವರ್ಷಗಳಲ್ಲಿ ಇಡೀ ದೇಶ ನೀನುವಿಗೆ ಇಳಿಯಿತು. ಇಂಗ್ಲಿಷ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ಇಂದಿನ 'ಯೂ' ಮೂಲತಃ ಬಹುವಚನ. ಏಕವಚನದ 'ದೌ' ಕ್ರಮೇಣ ಬಳಕೆ ತಪ್ಪಿ, ಎಲ್ಲರೂ 'ನೀವು' ಆದರು. ಒಂದು ಭಾಷೆ ಎಲ್ಲರನ್ನೂ ಕೆಳಗಿಳಿಸಿ ಸಮ ಮಾಡಿತು, ಇನ್ನೊಂದು ಎಲ್ಲರನ್ನೂ ಮೇಲೇರಿಸಿ ಸಮ ಮಾಡಿತು. ಇಂಗ್ಲಿಷ್ ಆ ದಾರಿಯಲ್ಲಿ ಕಳೆದುಕೊಂಡದ್ದು ಆಪ್ತರಿಗೆಂದು ಬೇರೆಯಾಗಿ ಇಟ್ಟುಕೊಳ್ಳಬಹುದಾಗಿದ್ದ ಒಂದು ಪದವನ್ನು.

ನಮ್ಮ ನೆರೆಯ ಕೇರಳದಲ್ಲಿ 2021ರಲ್ಲಿ ಎರಡು ಪ್ರಯತ್ನಗಳು ನಡೆದವು. ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯಿತಿಯು ತನ್ನ ಕಚೇರಿಯಲ್ಲಿ ಯಾರೂ ಯಾರನ್ನೂ ಸರ್, ಮೇಡಂ ಎನ್ನಬೇಕಾಗಿಲ್ಲ ಎಂದು ನಿರ್ಣಯಿಸಿತು. ಅದೇ ವರ್ಷ ಅಲ್ಲಿನ ಹೈಕೋರ್ಟ್, ಪೊಲೀಸರು ನಾಗರಿಕರನ್ನು 'ಎಡಾ', 'ಎಡೀ', 'ನೀ' ಎಂದು ಸಂಬೋಧಿಸುವುದನ್ನು ನಿಲ್ಲಿಸಬೇಕೆಂದು ಹೇಳಿತು. ಒಂದು ಕೆಳಗಿನಿಂದ ಮೇಲಕ್ಕೆ ಹೋಗುವ ಅತಿಗೌರವವನ್ನು ಕತ್ತರಿಸಿತು, ಇನ್ನೊಂದು ಮೇಲಿನಿಂದ ಕೆಳಕ್ಕೆ ಬರುವ ಅಗೌರವವನ್ನು. ಮಲಯಾಳದ ನೀ ಮತ್ತು ನಮ್ಮ ನೀನು ಒಂದೇ ಬೇರಿನವು, ಕಾಯಿಲೆಯೂ ಒಂದೇ ಆದ್ದರಿಂದ ಮದ್ದು ನಮಗೂ ಸಲ್ಲುತ್ತದೆ. ಎರಡರಲ್ಲಿ ಕನ್ನಡಕ್ಕೆ ಮೊದಲು ಬೇಕಾಗಿರುವುದು ಎರಡನೆಯದು ಎಂಬುದು ನನ್ನ ಅಭಿಪ್ರಾಯ: ಠಾಣೆ, ಕಚೇರಿ, ಆಸ್ಪತ್ರೆ, ಅಂಗಡಿ, ಬಸ್ಸು ಇಲ್ಲೆಲ್ಲ ಪರಿಚಯವಿಲ್ಲದ ವಯಸ್ಕರಿಗೆ, ಅವರ ಕಾಲಲ್ಲಿ ಚಪ್ಪಲಿ ಇರಲಿ ಇಲ್ಲದಿರಲಿ, 'ನೀವು', ಮನೆ ಮತ್ತು ಗೆಳೆತನಕ್ಕೆ 'ನೀನು' ಹಾಗೇ ಇರಲಿ.

ಮೇಲಿನ ತುದಿಯ ಅತಿಗೌರವದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2012ರಲ್ಲಿ ರಾಷ್ಟ್ರಪತಿಗಳ ಕಚೇರಿಯೇ 'ಮಹಾಮಹಿಮ' ಎಂಬ ವಿಶೇಷಣವನ್ನು ದೇಶದೊಳಗಿನ ಸಮಾರಂಭಗಳಲ್ಲಿ ಬಿಡಲು ತೀರ್ಮಾನಿಸಿತು. ನಮ್ಮ ತಾಲ್ಲೂಕು ಮಟ್ಟದ ವೇದಿಕೆಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಅಲ್ಲಿ ಸ್ವಾಗತ ಭಾಷಣದ ಮುಕ್ಕಾಲು ಪಾಲು ಸನ್ಮಾನ್ಯರಿಗೇ ವೆಚ್ಚವಾಗುತ್ತದೆ. ಬಹುವಚನ ಯಾವಾಗಲೂ ಗೌರವವೇ ಎಂದೇನೂ ಅಲ್ಲ. ದಿನವೂ ನೀನು ಎನ್ನುತ್ತಿದ್ದ ಗೆಳತಿ ಒಂದು ಬೆಳಿಗ್ಗೆ 'ನೀವು ದೊಡ್ಡವರು ಬಿಡಿ' ಎಂದರೆ ಅದು ಮುನಿಸು. 'ತಾವು ದಯಮಾಡಿಸಬೇಕು' ಎಂಬುದನ್ನು ತಡವಾಗಿ ಬಂದ ಮಗನಿಗೆ ತಾಯಿ ಹೇಳಿದರೆ ಅದು ಚಾಟಿ.

ಇನ್ನು ಒಂದು ವಚನದಿಂದ ಇನ್ನೊಂದಕ್ಕೆ ದಾಟುವ ಬಗೆ. ನೀವುವಿನಿಂದ ನೀನುವಿಗೆ ಇಳಿಯಲು ಅನುಮತಿ ಕೊಡುವ ಅಧಿಕಾರ ಸಾಮಾನ್ಯವಾಗಿ ಕಿರಿಯರದು: 'ನನ್ನನ್ನ ನೀವು ಅನ್ಬೇಡಿ, ನೀನು ಅಂತಲೇ ಕರೀರಿ'. ಏಕವಚನವನ್ನು ಬೇಡುವ ಆ ವಾಕ್ಯ ಪೂರ್ತಿಯಾಗಿ ಬಹುವಚನದಲ್ಲೇ ಇರುತ್ತದೆ ಎಂಬುದು ಅದರ ಸೊಗಸು. ಹಿರಿಯರು ತಾವಾಗಿಯೇ ನೀನು ಎಂದುಬಿಟ್ಟರೆ ಕೆಲವರಿಗೆ ಪ್ರೀತಿ, ಕೆಲವರಿಗೆ ಕಿರಿಕಿರಿ. ಮೂವತ್ತೈದು ದಾಟಿದ ವೈದ್ಯೆಯನ್ನು ರೋಗಿಯ ಕಡೆಯವರು 'ನೋಡಮ್ಮ' ಎಂದು ಏಕವಚನದಲ್ಲಿ ಮಾತನಾಡಿಸಿ, ಪಕ್ಕದ ಕೋಣೆಯ ಅದೇ ವಯಸ್ಸಿನ ವೈದ್ಯನನ್ನು 'ಡಾಕ್ಟ್ರೇ' ಎನ್ನುವಾಗ ಅದು ಪ್ರೀತಿಯೆಂದು ಒಪ್ಪುವುದು ಕಷ್ಟ.

ಯಾವ ವಚನ ಎಂದು ನಿರ್ಧರಿಸಲಾಗದಾಗ ಕನ್ನಡಿಗರು ಮಾಡುವ ಉಪಾಯವೊಂದಿದೆ. ವಾಕ್ಯದಿಂದ ಎದುರಿಗಿನವರನ್ನೇ ಮಾಯ ಮಾಡಿಬಿಡುತ್ತಾರೆ. 'ಯಾವ ಊರು?', 'ಎಲ್ಲಿಗೆ ಪ್ರಯಾಣ?', 'ಈ ಕಡೆ ಬಂದದ್ದು?' ಎಂಬ ಪ್ರಶ್ನೆಗಳಲ್ಲಿ ನೀನೂ ಇಲ್ಲ, ನೀವೂ ಇಲ್ಲ. ಮದುವೆ ಮನೆಯಲ್ಲಿ ಸಿಕ್ಕ, ನೆಂಟಸ್ತಿಕೆ ಮರೆತುಹೋದ ಸಂಬಂಧಿಯೊಡನೆ ಕಾಲು ಗಂಟೆ ಹೀಗೆ ಮಾತನಾಡಿ ಪಾರಾದವರಿದ್ದಾರೆ. ನಮ್ಮ ಅತಿ ಸಾಮಾನ್ಯ ಕುಶಲ ಪ್ರಶ್ನೆಯೂ ಇದೇ ಜಾತಿಯದು. 'ಊಟ ಆಯ್ತಾ?' ಎಂಬಲ್ಲಿ ಕರ್ತೃ ಊಟ; ಕ್ರಿಯಾಪದ ಊಟಕ್ಕೆ ಹೊಂದಿಕೊಂಡಿದೆ, ಉಣ್ಣುವವರಿಗಲ್ಲ. ಆದ್ದರಿಂದ ಅದನ್ನು ಕುಲಪತಿಗೂ ಕಾವಲುಗಾರನಿಗೂ, ಅತ್ತೆಗೂ ಅಂಗನವಾಡಿಯ ಮಗುವಿಗೂ ಒಂದಕ್ಷರ ಬದಲಿಸದೆ ಕೇಳಬಹುದು. ಲೆಕ್ಕ ಮತ್ತೆ ತೆರೆದುಕೊಳ್ಳುವುದು ಉತ್ತರ ಬಂದಾಗ: 'ಆಯ್ತು, ನಿಮ್ದು?' ಎನ್ನಬೇಕೋ, 'ಆಯ್ತು, ನಿಂದು?' ಎನ್ನಬೇಕೋ ಎಂದು ಎದುರಿಗಿರುವವರು ಅರೆಗಳಿಗೆ ತಡೆಯುತ್ತಾರೆ.